ಬೋರಿನ ನೀರಿನ ರಿಪೋರ್ಟು: ಬಾಟಲಿ ತುಂಬಿಸಿದ್ದು ಯಾರು?

ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನಲ್ಲಿ ವರ್ಷಕ್ಕೊಮ್ಮೆ ಒಂದು ಹಾಳೆ ಅಂಟಿಸಿರುತ್ತಾರೆ: ಬೋರಿನ ನೀರು ಪರೀಕ್ಷೆ ಆಗಿದೆ, ಬಳಸಲು ಯೋಗ್ಯ. ಹೈದರಾಬಾದಿನಲ್ಲಿರುವ ನಮಗಷ್ಟೇ ಅಲ್ಲ, ಪುಣೆ, ಚೆನ್ನೈಗಳಲ್ಲಿರುವ ನಿಮಗೂ ಇದು ಗೊತ್ತಿರುವ ಹಾಳೆಯೇ. ಅದನ್ನು ನೋಡಿದಾಗೆಲ್ಲ ನನ್ನ ಪ್ರಶ್ನೆ ಒಂದೇ. ಆ ಬಾಟಲಿ ತುಂಬಿಸಿದ್ದು ಯಾರು, ಎಲ್ಲಿಂದ, ಯಾವಾಗ?

ಇದೇನು ತಲೆಹರಟೆ ಅನ್ನಬೇಡಿ. ಲ್ಯಾಬಿನವರು ತಮ್ಮ ಕೈಗೆ ಬಂದ ಬಾಟಲಿಯ ಬಗ್ಗೆ ಮಾತ್ರ ಹೇಳಬಲ್ಲರು. ಕೇಸಿಂಗ್ ಪೈಪಿನಲ್ಲಿ ನಿಂತ ನೀರು ಬೇರೆ, ಬಂಡೆಯ ಬಿರುಕಿನಿಂದ ಒಸರುವ ಅಂತರ್ಜಲ ಬೇರೆ. ಅದಕ್ಕೇ ಮೊದಲು ಪಂಪು ಓಡಿಸಿ ನಿಂತ ನೀರನ್ನು ಹೊರಹಾಕಬೇಕು. ಲೋಹದ ಅಂಶ ನೋಡಲು ನೈಟ್ರಿಕ್ ಆಮ್ಲ ಹನಿಸಿದ ಬಾಟಲಿ ಬೇಕು. ರೋಗಾಣು ಪರೀಕ್ಷೆಗೆ ಕ್ರಿಮಿಶುದ್ಧ ಬಾಟಲಿ, ಅದೂ ಐಸಿನಲ್ಲಿಟ್ಟು ಅದೇ ದಿನ ಲ್ಯಾಬಿಗೆ ಮುಟ್ಟಬೇಕು. ನಮ್ಮಲ್ಲಿ ನಡೆಯುವುದೇನು? ಸಂಪಿನ ನಲ್ಲಿಗೆ ಹಿಡಿದ ಹಳೇ ಕೂಲ್‌ಡ್ರಿಂಕ್ ಬಾಟಲಿ! ಆ ಸಂಪಿನಲ್ಲಿ ಟ್ಯಾಂಕರ್ ನೀರೂ ಬೆರೆತಿರುತ್ತದೆ.

ಇನ್ನು, ಏನನ್ನು ಹುಡುಕುತ್ತೇವೆ ಅನ್ನುವುದೂ ಮುಖ್ಯ. ನಮ್ಮ ಊರಿನ ಪಕ್ಕದ ಪಟಾನ್‌ಚೆರುವನ್ನೇ ನೋಡಿ. ಔಷಧ ಕಾರ್ಖಾನೆಗಳ ಆ ಪ್ರದೇಶದ ಮಾಲಿನ್ಯದ ಕೇಸು 1990ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಲ್ಲಿನ ನಕ್ಕವಾಗು ಹಳ್ಳ ಸೇರುವುದು ನಮ್ಮ ಬೀದರ್ ಜಿಲ್ಲೆಯನ್ನು ಹಾದು ಬರುವ ಅದೇ ಮಾಂಜ್ರಾ ನದಿಯನ್ನು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಅಲ್ಲಿನ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಬರುವ ನೀರಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇದೆ ಎಂದು ಪ್ರಕಟಿಸಿದರು. ಗಮನಿಸಿ, ಅದು ಶುದ್ಧೀಕರಿಸಿದ ಮೇಲಿನ ನೀರು! 2009ರ ಇನ್ನೊಂದು ವರದಿ ಸುತ್ತಲಿನ ಹಳ್ಳಿಗಳ ಬಾವಿಗಳಲ್ಲೂ ಅದೇ ಔಷಧ, ಜೊತೆಗೆ ನೆಗಡಿಗೆ ನುಂಗುವ ಸೆಟ್ರಿಜಿನ್ ಸಿಕ್ಕಿದ್ದನ್ನು ಹೇಳಿತು. ಕುಡಿಯುವ ನೀರಿನ ನಮ್ಮ ಮಾನಕ ಐಎಸ್ 10500ರ ಪಟ್ಟಿಯಲ್ಲಿ ಈ ಔಷಧಗಳೇ ಇಲ್ಲ. ಹುಡುಕದಿದ್ದರೆ ಸಿಗುವುದಾದರೂ ಹೇಗೆ?

ಟಿಡಿಎಸ್ ಪೆನ್ನು ಹಿಡಿದು ಬಾಗಿಲು ತಟ್ಟುವ ಫಿಲ್ಟರ್ ಮಾರಾಟಗಾರರ ಮಾತಂತೂ ಕೇಳಲೇಬೇಡಿ. ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ಅದರ ಐದು ಪಟ್ಟು ಇದ್ದರೂ 0.05 ಆಯಿತು. ಆ ಪೆನ್ನು ತೋರಿಸುವ ಕನಿಷ್ಠ ಅಂತರವೇ 1 ಮಿಲಿಗ್ರಾಂ! ಕರಗಿದ ಒಟ್ಟು ಲವಣಗಳ ಅಂದಾಜು ಹೇಳುವ ಸಲಕರಣೆ ಅದು, ವಿಷ ಹಿಡಿಯುವ ಸಲಕರಣೆಯಲ್ಲ.

ಕೇಂದ್ರ ಅಂತರ್ಜಲ ಮಂಡಳಿ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದೇಶದಲ್ಲಿ ತೆಗೆದ ಮಾದರಿಗಳ ಪೈಕಿ ಸುಮಾರು ಶೇಕಡಾ 20ರಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮಿತಿಯನ್ನು ಮೀರಿತ್ತು. ಮಂಡಳಿಯ ಬಾವಿಗಳು ದೇಶದ ಚಿತ್ರ ಕೊಡುತ್ತವೆ, ಸರಿ. ಆದರೆ ನಮ್ಮ ಕಾಂಪೌಂಡಿನೊಳಗಿನ ಬೋರನ್ನು ನಾವೇ ನೋಡಿಕೊಳ್ಳಬೇಕು.

ಅಸೋಸಿಯೇಷನ್ನುಗಳು ಖರ್ಚಿನ ನೆಪ ಹೇಳುತ್ತವೆ. ಅಸಲು ಭಯ ಬೇರೆ: ರಿಪೋರ್ಟು ಕೆಟ್ಟದ್ದು ಬಂದರೆ ಫ್ಲ್ಯಾಟಿನ ಬೆಲೆ ಬಿದ್ದೀತು ಅಂತ. ಆದರೆ ಆ ನೀರು ಬಾಡಿಗೆದಾರರ ಮಕ್ಕಳಿಗೂ, ವಾಚ್‌ಮನ್ ಕುಟುಂಬಕ್ಕೂ ಹೋಗುತ್ತದಲ್ಲ? ಫಿಲ್ಟರ್ ಇಲ್ಲದ ಮನೆ ಇರುವುದು ಅವರದ್ದೇ.

ನಾನು ಕೇಳುವುದು ಇಷ್ಟೇ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಪರೀಕ್ಷೆ ಮಾಡಿಸಿ. ಮಳೆ ನೀರು ಕೆಲವನ್ನು ತಿಳಿಗೊಳಿಸುತ್ತದೆ, ಕೆಲವನ್ನು ಕೆಳಗಿಳಿಸುತ್ತದೆ. ಬೋರಿನ ಬಾಯಿಯಲ್ಲೇ ಮಾದರಿ ತೆಗೆಯಲು ಲ್ಯಾಬಿನವರನ್ನೇ ಕರೆಸಿ. ಸುತ್ತಮುತ್ತ ಯಾವ ಕಾರ್ಖಾನೆ, ಯಾವ ಕಸದ ಗುಡ್ಡೆ ಇದೆ ಎಂದು ಅವರಿಗೆ ತಿಳಿಸಿ. ಹಳೆಯ ರಿಪೋರ್ಟುಗಳನ್ನು ಎಸೆಯದೆ ಸಾಲಾಗಿ ಜೋಡಿಸಿಡಿ. ಒಂದು ಹಾಳೆ ಆ ದಿನದ ಸುದ್ದಿ ಹೇಳುತ್ತದೆ. ನೀರು ಕೆಡುತ್ತಿದೆಯೋ ಇಲ್ಲವೋ ಎಂದು ಹೇಳಲು ಹತ್ತು ಹಾಳೆ ಬೇಕು.

ನಿಮ್ಮ ಕಟ್ಟಡದ ಬಾಟಲಿ ತುಂಬಿಸಿದ್ದು ಯಾರು, ಒಮ್ಮೆ ವಿಚಾರಿಸಿ ನೋಡಿ. ಏನಂತೀರಿ?