ಹೋಟೆಲಿಗೆ ಹೆಸರು ಬರುವುದು ಎಲ್ಲಿಂದ?

ನಮ್ಮ ಕಡೆಯ ಹೋಟೆಲುಗಳಿಗೆ ಸಾಮಾನ್ಯವಾಗಿ ಎರಡು ಹೆಸರಿರುತ್ತವೆ. ಒಂದು ಬೋರ್ಡಿನ ಮೇಲೆ ಬರೆಸಿದ್ದು, ಇನ್ನೊಂದು ಜನರ ಬಾಯಲ್ಲಿ ನಿಂತದ್ದು. ಬೋರ್ಡಿನ ಮೇಲೆ ಮನೆದೇವರ ಹೆಸರಿದ್ದರೂ ಜನ ಅದನ್ನು ಕರೆಯುವುದು 'ಮಿರ್ಚಿ ಹೋಟೆಲು', 'ಬಸ್‌ಸ್ಟ್ಯಾಂಡ್ ಖಾನಾವಳಿ' ಎಂದೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರುಗಳಲ್ಲಿ ಯಾರನ್ನಾದರೂ "ಊಟಕ್ಕೆ ಎಲ್ಲಿ ಚಲೋ?" ಎಂದು ಕೇಳಿ ನೋಡಿ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯ ರುಚಿಯ ಜೊತೆಗೆ ಇನ್ನೊಂದು ಮಾತೂ ಬರುತ್ತದೆ: "ಮಾಲೀಕ ಒಳ್ಳೆಯವನು, ಬಂದವರನ್ನು ಚೆನ್ನಾಗಿ ಮಾತನಾಡಿಸುತ್ತಾನೆ." ಅಂದರೆ ಹೋಟೆಲಿನ ಹೆಸರು ಅರ್ಧ ಒಲೆಯ ಮೇಲೆ, ಇನ್ನರ್ಧ ಗಲ್ಲೆಯ ಹತ್ತಿರ ತಯಾರಾಗುತ್ತದೆ.

ಇದನ್ನು ಬರೆಯಲು ಒಂದು ಪ್ರಶ್ನೆ ಕಾರಣ. "ಸರ್, ಪೇಪರಿನಲ್ಲಿ ಗೇ ಫ್ರೆಂಡ್ಲಿ ರೆಸ್ಟೋರೆಂಟ್ ಅಂತ ಇತ್ತು. ಹಾಗಂದರೇನು?" ಎಂದು ಹೈಸ್ಕೂಲಿನ ಹುಡುಗನೊಬ್ಬ ಕೇಳಿದ. ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ನಾಳೆ ಇದೇ ಪ್ರಶ್ನೆ ಮನೆಯಲ್ಲೂ ಬರಬಹುದು. ಆದ್ದರಿಂದ ಪಾಲಕರೂ ಉತ್ತರ ತಿಳಿದಿರುವುದು ಒಳ್ಳೆಯದು.

ಉತ್ತರ ಸರಳ. ಗಂಡಿಗೆ ಗಂಡಿನ ಮೇಲೆ, ಹೆಣ್ಣಿಗೆ ಹೆಣ್ಣಿನ ಮೇಲೆ ಪ್ರೀತಿ ಹುಟ್ಟುವುದುಂಟು. ಅಂಥವರನ್ನು ಸಲಿಂಗ ಪ್ರೇಮಿಗಳು ಎನ್ನುತ್ತೇವೆ. ಅವರು ಬಂದು ಕೂತರೆ ಮುಖ ಸಿಂಡರಿಸದೆ, ಪಿಸುಗುಟ್ಟದೆ, ಉಳಿದ ಗಿರಾಕಿಗಳಂತೆಯೇ ನೋಡಿಕೊಳ್ಳುವ ಹೋಟೆಲು ಅದು. ವಿಶೇಷ ಸತ್ಕಾರವೇನೂ ಇಲ್ಲ, ಎಲ್ಲರಿಗೂ ಸಿಗುವ ಮರ್ಯಾದೆಯೇ ಅವರಿಗೂ ಸಿಗುತ್ತದೆ, ಅಷ್ಟೇ.

ಇದು ರೋಗವಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿಯೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಅದೇ ನಿರ್ಧಾರ ಮಾಡಿತು. ಎಡಗೈಯಲ್ಲಿ ಬರೆಯುವ ಮಕ್ಕಳ ಕೈಗೆ ಬೆತ್ತದಿಂದ ಹೊಡೆದು ಬಲಗೈ ರೂಢಿ ಮಾಡಿಸುತ್ತಿದ್ದ ಕಾಲವೊಂದಿತ್ತು. ಹೊಡೆತದಿಂದ ಮಗು ಹೆದರಿತೇ ಹೊರತು ಅದರ ಸ್ವಭಾವ ಬದಲಾಗಲಿಲ್ಲ. ಇಲ್ಲಿಯೂ ಹಾಗೆಯೇ ಎಂದು ತಿಳಿಯಿರಿ.

ಹಾಗಾದರೆ ಇವರಿಗೆ ಹೋಟೆಲಿನ ಪ್ರಶ್ನೆ ಏಕೆ ಬಂತು? ಅದಕ್ಕೆ ಸ್ವಲ್ಪ ದೂರ, ಅಮೆರಿಕದವರೆಗೆ ಹೋಗಬೇಕು. ಅಲ್ಲಿ ಓಣಿಯ ಬಾರ್ ಅಂಡ್ ರೆಸ್ಟೋರೆಂಟ್ ಎಂದರೆ ನಮ್ಮ ಅರಳಿಕಟ್ಟೆ ಇದ್ದ ಹಾಗೆ. ಸಂಜೆ ಜನ ಸೇರುತ್ತಾರೆ, ತಿನ್ನುತ್ತಾರೆ, ಕುಡಿಯುತ್ತಾರೆ, ಸುದ್ದಿ ಮಾತನಾಡುತ್ತಾರೆ. (ಕುಡಿತದ ಬಗ್ಗೆ ನನ್ನ ಅಭಿಪ್ರಾಯ ನನ್ನ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಇಲ್ಲಿ ವಿಷಯ ಗ್ಲಾಸಿನಲ್ಲಿರುವುದಲ್ಲ, ಅದನ್ನು ಹಿಡಿದು ಕೂತವರದು.) ಆದರೆ ಸಲಿಂಗ ಪ್ರೇಮಿಗಳು ಸೇರುವ ಬಾರಿನ ಮೇಲೆ ಪೊಲೀಸರ ಕಣ್ಣು ಬೀಳುತ್ತಿತ್ತು, ಮಾಲೀಕನ ಲೈಸೆನ್ಸಿಗೆ ಕುತ್ತು ಬರುತ್ತಿತ್ತು.

ಸಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಬ್ಲ್ಯಾಕ್ ಕ್ಯಾಟ್ ಎಂಬ ಬಾರಿತ್ತು. ಇಂಥವರು ಸೇರುತ್ತಾರೆ ಎಂಬ ಕಾರಣಕ್ಕೆ ಅದರ ಲೈಸೆನ್ಸ್ ಅಮಾನತಾಯಿತು. ಮಾಲೀಕ ಸೋಲ್ ಸ್ಟೌಮನ್ ಸುಮ್ಮನಿರದೆ ಕೋರ್ಟಿಗೆ ಹೋದ. ಕೇವಲ ಅವರು ಸೇರುತ್ತಾರೆ ಎಂಬುದರಿಂದಲೇ ಲೈಸೆನ್ಸ್ ಕಿತ್ತುಕೊಳ್ಳುವಂತಿಲ್ಲ ಎಂದು ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟು 1951ರಲ್ಲಿ ತೀರ್ಪು ಕೊಟ್ಟಿತು. ಗೆದ್ದರೂ ಕಾಟ ನಿಲ್ಲಲಿಲ್ಲ. 1963ರಲ್ಲಿ ಆ ಬಾರು ಲೈಸೆನ್ಸ್ ಕಳೆದುಕೊಂಡಿತು.

ನ್ಯೂಯಾರ್ಕಿನ ಕಥೆ ಇನ್ನೂ ವಿಚಿತ್ರ. 1966ರ ಏಪ್ರಿಲ್ 21ರಂದು ಕೆಲವು ಯುವಕರು ಪತ್ರಿಕೆಯವರನ್ನು ಜೊತೆಗೆ ಕರೆದುಕೊಂಡು ಜೂಲಿಯಸ್ ಎಂಬ ಹಳೆಯ ಬಾರಿಗೆ ಹೋದರು. "ನಾವು ಸಲಿಂಗ ಪ್ರೇಮಿಗಳು. ಗದ್ದಲ ಮಾಡುವುದಿಲ್ಲ. ನಮಗೆ ಕುಡಿಯಲು ಕೊಡಿ" ಎಂದು ಕೇಳಿದರು. ಬಡಿಸುವವನು ಗ್ಲಾಸಿನ ಬಾಯಿಗೆ ಅಂಗೈ ಅಡ್ಡ ಹಿಡಿದುಬಿಟ್ಟ. ಆ ಅಂಗೈಯ ಚಿತ್ರ ಇಂದಿಗೂ ಪ್ರಸಿದ್ಧ. ಅದೇ ಜೂಲಿಯಸ್ ಮುಂದೆ ಎಲ್ಲರನ್ನೂ ಬರಮಾಡಿಕೊಳ್ಳುವ ಬಾರೆಂದು ಹೆಸರಾಯಿತು. 2016ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೂ ಸೇರಿತು.

ನನಗೆ, ವಿಜ್ಞಾನದ ಮಾಸ್ತರನಿಗೆ, ಹೆಚ್ಚು ಹಿಡಿಸಿದ ಸಂಗತಿ ಒಂದು ಕಿಟಕಿಯದು. ಆ ದಿನಗಳಲ್ಲಿ ಇಂಥ ಬಾರುಗಳ ಕಿಟಕಿಗೆ ಕಪ್ಪು ಬಣ್ಣ ಬಳಿಯುತ್ತಿದ್ದರು, ಇಲ್ಲವೇ ಪರದೆ ಇಳಿಬಿಡುತ್ತಿದ್ದರು. ಒಳಗಿದ್ದವರು ಹೊರಗಿನವರ ಕಣ್ಣಿಗೆ ಬಿದ್ದರೆ ನೌಕರಿ ಹೋಗುವ ಭಯ. 1972ರಲ್ಲಿ ಸಾನ್‌ಫ್ರಾನ್ಸಿಸ್ಕೊದ ಇಬ್ಬರು ಮಹಿಳೆಯರು ಟ್ವಿನ್ ಪೀಕ್ಸ್ ಎಂಬ ಬಾರನ್ನು ತೆಗೆದುಕೊಂಡು ರಸ್ತೆಯ ಕಡೆಗೆ ದೊಡ್ಡ ಪಾರದರ್ಶಕ ಗಾಜು ಹಾಕಿಸಿದರು. ರಾತ್ರಿ ಹೊತ್ತು ದೀಪ ಹಚ್ಚಿದ ಕೋಣೆ ಹೊರಗಿನಿಂದ ಎಷ್ಟು ನಿಚ್ಚಳವಾಗಿ ಕಾಣುತ್ತದೆಂದು ಎಂಟನೇ ತರಗತಿಯ ಹುಡುಗನೂ ಬಲ್ಲ. ಆ ಬೆಳಕಿನಲ್ಲಿ ದಾರಿಹೋಕರಿಗೆ ಕಂಡದ್ದೇನು? ಕೂತು ಹರಟೆ ಹೊಡೆಯುತ್ತಿರುವ ಸಾಮಾನ್ಯ ಮನುಷ್ಯರು. ಕತ್ತಲೆ ಕೋಣೆಯ ಬಗ್ಗೆ ಊರು ಕಟ್ಟಿಕೊಂಡಿದ್ದ ಕಥೆಗಳಿಗೆ ಆ ಗಾಜೇ ಉತ್ತರವಾಯಿತು. ಆ ಬಾರು 2013ರಲ್ಲಿ ನಗರದ ಸ್ಮಾರಕಗಳ ಸಾಲಿಗೆ ಸೇರಿತು.

ಭಾರತದಲ್ಲಿಯೂ ಈ ವಿಷಯಕ್ಕೆ ಹೋಟೆಲಿನವರೇ ಒಬ್ಬರು ಕೋರ್ಟಿನ ಮೆಟ್ಟಿಲು ಹತ್ತಿದ್ದುಂಟು. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಲಲಿತ್ ಅಶೋಕ್ ಹೋಟೆಲನ್ನು ಅನೇಕರು ನೋಡಿರಬಹುದು. ಆ ಹೋಟೆಲು ಸಮೂಹದ ಕೇಶವ್ ಸೂರಿ, ದಂಡ ಸಂಹಿತೆಯ 377ನೇ ಕಲಮಿನ ವಿರುದ್ಧ 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಒಬ್ಬರು. ದೆಹಲಿಯ ತಮ್ಮ ಹೋಟೆಲಿನ ಕ್ಲಬ್ಬಿನಲ್ಲಿ ಸಲಿಂಗ ಪ್ರೇಮಿಗಳಿಗೆ ಬಹಿರಂಗವಾಗಿ ಸ್ವಾಗತ ಕೊಟ್ಟವರು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ನಡುವಿನ ಪರಸ್ಪರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ಹೇಳಿತು.

ಇದೆಲ್ಲ ದೊಡ್ಡ ಊರಿನ ಮಾತು, ನಮ್ಮ ಐದು ತಾಲ್ಲೂಕಿಗೆ ಏನು ಸಂಬಂಧ ಎನ್ನುತ್ತೀರಾ? ಜೂಲಿಯಸ್ ಬಾರಿನ ಆ ಅಂಗೈಯನ್ನು ಮತ್ತೊಮ್ಮೆ ನೆನೆಯಿರಿ. ನಮ್ಮ ಹಳ್ಳಿಗಳ ಚಹಾದಂಗಡಿಗಳಲ್ಲಿ ದಲಿತರಿಗೆಂದೇ ಬೇರೆ ಲೋಟ ಇಡುತ್ತಿದ್ದುದು ಹಿರಿಯರಿಗೆ ಗೊತ್ತು. ಅದೂ ಅಡ್ಡ ಹಿಡಿದ ಅಂಗೈಯೇ. ಸಂವಿಧಾನ ಬರೆದವರಿಗೆ ಹೋಟೆಲಿನ ಮಹತ್ವ ಚೆನ್ನಾಗಿ ತಿಳಿದಿತ್ತು. ಹದಿನೈದನೇ ವಿಧಿಯ ಎರಡನೇ ಭಾಗದಲ್ಲಿ ಅಂಗಡಿ, ಉಪಾಹಾರ ಗೃಹ, ಹೋಟೆಲುಗಳ ಹೆಸರು ಹೇಳಿಯೇ, ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯಬಾರದು ಎಂದು ಬರೆದರು. ದೇಶದ ಅತಿ ದೊಡ್ಡ ಗ್ರಂಥದಲ್ಲಿ ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿಗೂ ಒಂದು ಸಾಲು ಇದೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಇನ್ನು ನಮ್ಮ ಜೋಗಪ್ಪಗಳ ವಿಷಯ. ಸಲಿಂಗ ಪ್ರೇಮ ಬೇರೆ, ಇದು ಬೇರೆ. ಮೊದಲನೆಯದು ಯಾರನ್ನು ಪ್ರೀತಿಸುತ್ತೇವೆ ಎಂಬುದು, ಎರಡನೆಯದು ತಾನು ಗಂಡೋ ಹೆಣ್ಣೋ ಎಂದು ಒಳಗಿನಿಂದ ಅನ್ನಿಸುವುದು. ಗಂಡಾಗಿ ಹುಟ್ಟಿ ಹೆಣ್ಣಿನ ಮನಸ್ಸುಳ್ಳವರು ಹುಲಿಗಿಯ ಹುಲಿಗೆಮ್ಮನಿಗೋ ಸವದತ್ತಿಯ ಎಲ್ಲಮ್ಮನಿಗೋ ಮುತ್ತು ಕಟ್ಟಿಸಿಕೊಂಡು ಸೀರೆ ಉಡುತ್ತಾರೆ. ಜಾತ್ರೆಯಲ್ಲಿ ಅವರ ಕಾಲಿಗೆ ಬೀಳುತ್ತೇವೆ, ಭಂಡಾರ ಹಚ್ಚಿಸಿಕೊಳ್ಳುತ್ತೇವೆ. ಅದೇ ಜೋಗಪ್ಪ ಹೋಟೆಲಿನ ಬಾಗಿಲಿಗೆ ಬಂದರೆ? ಕೈಗೆ ಐದು ರೂಪಾಯಿ ಹಾಕಿ "ಮುಂದೆ ಹೋಗಮ್ಮ" ಎನ್ನುವುದೇ ಹೆಚ್ಚು. ಕಾಸು ಕೊಡುವ ಕೈ ಕುರ್ಚಿ ಕೊಡುವುದಿಲ್ಲ.

ಮಂಜಮ್ಮ ಜೋಗತಿಯವರು ನಮ್ಮ ನೆರೆಯವರೇ. ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಮರಿಯಮ್ಮನಹಳ್ಳಿಯವರು. ಗಂಡುಮಗನಾಗಿ ಹುಟ್ಟಿ, ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಮನೆ ಬಿಟ್ಟು, ಭಿಕ್ಷೆ ಬೇಡಿ ಬದುಕಿದವರು. ಜೋಗತಿ ನೃತ್ಯ ಕಲಿತು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಈಗ ಅವರು ಬಂದರೆ ಯಾವ ಹೋಟೆಲಿನವನಾದರೂ ಕುರ್ಚಿ ಒರೆಸಿ ಕೊಡುತ್ತಾನೆ. ಪದ್ಮಶ್ರೀ ಬರದವರಿಗೆ ಕೊಡುತ್ತಾನೆಯೇ ಎಂಬುದು ನನ್ನ ಪ್ರಶ್ನೆ. ಕಾನೂನು ಆಗಲೇ ಉತ್ತರ ಹೇಳಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಇವರನ್ನು ತೃತೀಯ ಲಿಂಗಿಗಳೆಂದು ಮಾನ್ಯ ಮಾಡಿತು. ಸಾರ್ವಜನಿಕರಿಗೆ ಇರುವ ಸೇವೆಯನ್ನು ಇವರಿಗೆ ನಿರಾಕರಿಸಬಾರದೆಂದು 2019ರ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ.

ಪಾಲಕರಿಗೆ ಒಂದು ಮಾತು. ಇಂಥ ಮಕ್ಕಳು ಬೇರೆ ಲೋಕದಿಂದ ಬರುವುದಿಲ್ಲ, ನಮ್ಮ ನಿಮ್ಮ ಮನೆಗಳಲ್ಲೇ ಹುಟ್ಟುತ್ತಾರೆ. ನಡಿಗೆ, ಮಾತು ಬೇರೆಯಾಗಿದೆ ಎಂದು ಹುಡುಗನನ್ನು ಓಣಿಯೆಲ್ಲ ಆಡಿಕೊಳ್ಳುವಾಗ ಮನೆಯವರೂ ಆ ಗುಂಪಿಗೆ ಸೇರಿದರೆ ಅವನು ಎಲ್ಲಿಗೆ ಹೋಗಬೇಕು? ಓದು ಬಿಟ್ಟು ಬೆಂಗಳೂರಿನದೋ ಮುಂಬಯಿಯದೋ ರೈಲು ಹತ್ತುತ್ತಾನೆ. ದೊಡ್ಡ ಊರಿನ ಯಾವುದೋ ರೆಸ್ಟೋರೆಂಟು ಅವನಿಗೆ ಮನೆಯಂತೆ ಕಂಡರೆ, ಅದು ಆ ರೆಸ್ಟೋರೆಂಟಿನ ಗೌರವ, ನಮ್ಮ ಊರಿಗೆ ಗೌರವವಲ್ಲ.

ವಿದ್ಯಾರ್ಥಿಗಳೇ, ಹೋಟೆಲಿನಲ್ಲಿ ಕೂತು ಪಕ್ಕದ ಮೇಜಿನವರನ್ನು ನೋಡಿ ನಗುವ ಗುಂಪು ಬಹಳ ಸಲ ನಿಮ್ಮ ವಯಸ್ಸಿನವರದೇ. ಆ ನಗುವಿಗೆ ನೀವು ದನಿಗೂಡಿಸದಿದ್ದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಗಲ್ಲೆಯ ಮೇಲೆ ಕೂತವರದು. ಇದಕ್ಕೆ ಅವರು ಬೋರ್ಡು ಬದಲಿಸಬೇಕಿಲ್ಲ, ಇಂಗ್ಲಿಷ್ ಹೆಸರೂ ಬೇಕಿಲ್ಲ. ಬಂದವರು ಯಾರೇ ಇರಲಿ, "ಬರ್ರಿ, ಕುಂದರ್ರಿ, ಏನು ಕೊಡಲಿ?" ಎಂದು ಒಂದೇ ದನಿಯಲ್ಲಿ ಕೇಳಿದರೆ ಸಾಕು.

ಮುಂದಿನ ಸಲ ಬಸ್ಸಿಗೆ ಕಾಯುತ್ತ ಮಕ್ಕಳೊಡನೆ ಮಂಡಕ್ಕಿ ಮಿರ್ಚಿ ತಿನ್ನಲು ಕೂತಾಗ ಒಂದಿಷ್ಟು ಗಮನಿಸಿ. ಯಾರಿಗೆ ಬೆಂಚು ಸಿಕ್ಕಿತು, ಯಾರನ್ನು ಬಾಗಿಲಲ್ಲೇ ಕಳಿಸಿದರು? ಮಕ್ಕಳು ಕಾರಣ ಕೇಳಿದರೆ ಗದರಿಸಬೇಡಿ, ಕೂತು ವಿವರಿಸಿ.