ಆಂಟಿಬಯೋಟಿಕ್ ತಗೊಂಡರೆ ಗರ್ಭನಿರೋಧಕ ಮಾತ್ರೆ ಕೆಲಸ ಮಾಡಲ್ವಾ?

ಈ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ನಿಜ ಸ್ವಲ್ಪವೇ ಇದೆ. ಗಂಟಲುನೋವು, ಹಲ್ಲುನೋವಿಗೆ ಕೊಡುವ ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್‌ನಂಥ ಔಷಧಿಗಳಿಂದ ಮಾಲಾ-ಎನ್, ಮಾಲಾ-ಡಿ ಮಾತ್ರೆಗಳ ಶಕ್ತಿ ಕುಗ್ಗುವುದಿಲ್ಲ. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಮಾತ್ರ ಬೇರೆ ವಿಷಯ.

ನಿಜವಾದ ಅಪಾಯ ಟಿಬಿಗೆ ಕೊಡುವ ರಿಫಾಂಪಿಸಿನ್‌ನದು. ಇದು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಆಗ ಮಾತ್ರೆಯ ಹಾರ್ಮೋನು ಬೇಗ ಒಡೆದುಹೋಗಿ, ರಕ್ತದಲ್ಲಿ ಸಾಕಷ್ಟು ಉಳಿಯುವುದಿಲ್ಲ. ದಿನವೂ ತಪ್ಪದೆ ಮಾತ್ರೆ ನುಂಗಿದರೂ ಗರ್ಭ ನಿಲ್ಲಬಹುದು. ಸಾಮಾನ್ಯ ಟಿಬಿ ಚಿಕಿತ್ಸೆ 6 ತಿಂಗಳದ್ದು. ಅದು ಮುಗಿದ ಮೇಲೂ ಸುಮಾರು 4 ವಾರ ಈ ಪರಿಣಾಮ ಇರುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಾಜೆಪಿನ್ ಕೂಡ ಹೀಗೇ ಮಾಡುತ್ತವೆ. ತುರ್ತು ಮಾತ್ರೆಯನ್ನೂ ಇವು ಬಿಡುವುದಿಲ್ಲ. ಲ್ಯಾಮೋಟ್ರಿಜಿನ್‌ನದು ಉಲ್ಟಾ ಕಥೆ: ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯೇ ಅದರ ಪ್ರಮಾಣ ಇಳಿಸುವುದರಿಂದ ಫಿಟ್ಸ್ ಮರುಕಳಿಸಬಹುದು.

ಹಾಗಂತ ಟಿಬಿ, ಫಿಟ್ಸ್ ಔಷಧಿ ನಿಲ್ಲಿಸಲೇಬೇಡಿ. ಬದಲಾಯಿಸಬೇಕಾದದ್ದು ಗರ್ಭನಿರೋಧಕವನ್ನು. ಕಾಪರ್-ಟಿ ಅಥವಾ 3 ತಿಂಗಳಿಗೊಮ್ಮೆ ಹಾಕುವ ‘ಅಂತರಾ’ ಚುಚ್ಚುಮದ್ದಿಗೆ ರಿಫಾಂಪಿಸಿನ್ ಅಡ್ಡಿಯಾಗುವುದಿಲ್ಲ. ಟಿಬಿ ಔಷಧಿ ಬರೆಯುವ ವೈದ್ಯರು ಇದನ್ನು ಕೇಳದೇ ಹೋಗಬಹುದು. ಸಂಕೋಚ ಬೇಡ, ನೀವೇ ಹೇಳಿ.