ಗಿಡ ನೆಟ್ಟ ಮರುದಿನ

ಪ್ರತಿ ವರ್ಷ ವಿಶ್ವ ಪರಿಸರ ದಿನವಾದ ಜೂನ್ 5ರಂದು ಶಾಲೆ, ಕಾಲೇಜುಗಳ ಅಂಗಳದಲ್ಲಿ ಎಳೆಯರ ಕೈಯಿಂದ ಸಾಲುಸಾಲು ಸಸಿ ನೆಡಿಸುತ್ತೇವೆ. ಮರುದಿನ ಅದಕ್ಕೆ ನೀರು ಹಾಕುವವರು ಯಾರು, ದನ ಬಾಯಿ ಹಾಕದಂತೆ ಬೇಲಿ ಕಟ್ಟುವವರು ಯಾರು ಎಂದು ಕೇಳುವವರು ಕಡಿಮೆ. ಇಂದಿನ ಹುಡುಗರಿಗೆ ಪರಿಸರದ ಕಾಳಜಿ ಸಾಲದು ಎಂದು ಕೊರಗುವ ಮೊದಲು ಈ ಮರುದಿನದ ಬಗ್ಗೆ ಯೋಚಿಸಬೇಕು. ತಮ್ಮೂರಿನ ಒಂದು ಕೆರೆಯನ್ನೋ ಬೆಟ್ಟವನ್ನೋ ಚೆನ್ನಾಗಿ ಬಲ್ಲವರಿಗೆ, ಅದರ ಬಗ್ಗೆ ನಾಲ್ಕು ಜನರ ಮುಂದೆ ಮಾತಾಡುವ ಅಧಿಕಾರವೂ ಸಿಕ್ಕಾಗ ಮುಂದಾಳುತನ ಬರುತ್ತದೆ. ತಿಳಿವಳಿಕೆ, ಅಧಿಕಾರ ಎರಡನ್ನೂ ಕೊಡದೆ ಬರೀ ಉತ್ಸಾಹ ಕೇಳುವುದು ನ್ಯಾಯವಲ್ಲ.

ಅಪ್ಪಿಕೋ ಚಳವಳಿಯನ್ನೇ ನೋಡಿ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಹತ್ತಿರದ ಕಾಡಿಗೆ ನಡೆದು ಕಡಿಯಲಿದ್ದ ಮರಗಳನ್ನು ಅಪ್ಪಿ ನಿಂತರು. ಊರಿನ ಯುವಕ ಮಂಡಳಿ ಮುಂಚೂಣಿಯಲ್ಲಿತ್ತು. ಚಿಪ್ಕೋ ಚಳವಳಿಯ ಸುಂದರಲಾಲ್ ಬಹುಗುಣರ ಮಾತು ಅವರಿಗೆ ಧೈರ್ಯ ತಂದಿತ್ತು ನಿಜ, ಆದರೆ ಕಾಡು ಹೋದರೆ ಏನು ಹೋಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಟ್ಟದ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಅಡಿಕೆ ಮರದ ಬುಡ ಸೇರುತ್ತದೆ. ನೂರು ಬಗೆಯ ಮರವಿದ್ದ ಕಡೆ ಬರೀ ಸಾಗುವಾನಿ ಎದ್ದರೆ ಈ ಸರಪಳಿ ಕಡಿಯುತ್ತದೆ. ತೋಟದಲ್ಲಿ ದುಡಿದ ಕೈಗಳಿಗೆ ಅದು ಗೊತ್ತಿತ್ತು. ಮುಂದೆ ಪಶ್ಚಿಮ ಘಟ್ಟದ ನೈಸರ್ಗಿಕ ಕಾಡುಗಳಲ್ಲಿ ಹಸಿ ಮರ ಕಡಿಯುವುದನ್ನು ಸರ್ಕಾರ ನಿಲ್ಲಿಸಿತು. ಅದರ ಹಿಂದೆ ಇಂಥ ಊರುಗಳ ಒತ್ತಾಯವಿತ್ತು.

ಕೆಲಸ ಹುಡುಕಿ ಬೆಂಗಳೂರಿಗೆ ಹೊರಟವರನ್ನು ತಡೆದು ಕಾಡು ಕಾಯಿರಿ ಎನ್ನುವುದು ಹೇಗೆ ಎಂಬ ಪ್ರಶ್ನೆ ಸಹಜ. ಹೊಟ್ಟೆಪಾಡನ್ನು ಬದಿಗಿಟ್ಟ ಸಂರಕ್ಷಣೆ ಬಹುಕಾಲ ನಿಲ್ಲದು ಎಂಬುದನ್ನು ಒಪ್ಪಲೇಬೇಕು. ಅಪ್ಪಿಕೋ ಕೂಡ ಉಳಿಸು, ಬೆಳೆಸು ಎಂದಷ್ಟೇ ಹೇಳದೆ ಬಳಸು ಎಂದೂ ಹೇಳಿತು. ಬಳಸುವುದಕ್ಕೂ ವಿವೇಕ ಬೇಕು. ಕಾಡಿನ ಹುಳಿಹಣ್ಣಾದ ಉಪ್ಪಾಗೆಯ ಸಿಪ್ಪೆಗೆ ಬೆಲೆ ಏರಿದಾಗ ಎಳೆಗಾಯಿಗೆ ಕೈ ಹಾಕುವುದು, ಕೊಂಬೆಯನ್ನೇ ಕಡಿದು ಕಾಯಿ ಇಳಿಸುವುದು ಶುರುವಾಗುತ್ತದೆ. ಮಳೆಗಾಲದ ಬೆಳೆಯಾದ್ದರಿಂದ ಸಿಪ್ಪೆ ಒಣಗಿಸಲು ಒಲೆ ಉರಿಸಬೇಕು, ಅದಕ್ಕೂ ಕಾಡಿನದೇ ಸೌದೆ. ಹಣ್ಣಾಗುವವರೆಗೆ ಕಾಯುವ ಕಟ್ಟುಪಾಡು, ಕಡಿಮೆ ಸೌದೆಯ ಒಲೆ, ಸರಿಯಾದ ಮಾರಾಟ ಇವನ್ನು ಕಟ್ಟಿಕೊಡಬಲ್ಲವರು ಓದು ಬಲ್ಲ ಊರಿನ ಯುವಕ ಯುವತಿಯರೇ. ಅದು ಸಂಪಾದನೆಯೂ ಹೌದು, ನಾಯಕತ್ವವೂ ಹೌದು.

ಹಿರಿಯರು ಮಾಡಿದ ಹಾಳಿಗೆ ಕಿರಿಯರು ಯಾಕೆ ಹೊಣೆ ಹೊರಬೇಕು ಎಂಬ ಆಕ್ಷೇಪ ಇನ್ನೂ ತೂಕದ್ದು. ಹೊಣೆ ಮಾತ್ರ ಹೊರಿಸಿ ತೀರ್ಮಾನ ನಮ್ಮಲ್ಲೇ ಇಟ್ಟುಕೊಂಡರೆ ಅದು ಖಂಡಿತ ಅನ್ಯಾಯ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. ಊರಿನ ಗಿಡಮರ, ಪ್ರಾಣಿಪಕ್ಷಿ, ನಾಟಿ ತಳಿ, ಅವುಗಳ ಬಗೆಗಿನ ಅರಿವು ಎಲ್ಲವನ್ನೂ ಜನರೊಂದಿಗೆ ಕೂತು ದಾಖಲಿಸುವುದು ಅದರ ಕೆಲಸ. ಅಜ್ಜಿಯ ಬಾಯಲ್ಲಿರುವ ಸೊಪ್ಪಿನ ಹೆಸರು ಮೊಮ್ಮಗಳ ಕೈಯಲ್ಲಿ ಬರಹವಾಗಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆ ಸಮಿತಿಯಲ್ಲಿ ಎಳೆಯರಿಗೊಂದು ಕುರ್ಚಿ ಕೊಡೋಣ, ಅವರು ಬರೆದು ತಂದದ್ದನ್ನು ಗ್ರಾಮಸಭೆಯಲ್ಲಿ ಓದಿಸೋಣ, ಓದಿದ್ದರ ಮೇಲೆ ತೀರ್ಮಾನ ತೆಗೆದುಕೊಳ್ಳೋಣ. ತನ್ನ ಮಾತಿಗೆ ಊರು ಕಿವಿಗೊಟ್ಟಿದ್ದನ್ನು ಕಂಡ ಹುಡುಗಿ, ನೆಟ್ಟ ಗಿಡವನ್ನು ಮರುದಿನವೂ ನೋಡಲು ಹೋಗುತ್ತಾಳೆ.